ಹುಲ್ಲಿನ ಮೇಲೊಂದು ಹೊಳೆ

ಮೀನು ಇದ್ದದ್ದು ಬರೀ 25 ಅಡಿ ದೂರದಲ್ಲಿ. ಬಾಗಿದ ಕೊಂಬೆಯ ಕೆಳಗೆ ನಿಂತು, ತೇಲಿಬರುವ ಹುಳುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಒಳ್ಳೇ ಟ್ರೌಟ್. ನಾನೋ, ಫ್ಲೈ ಫಿಶಿಂಗ್ ಅಭ್ಯಾಸಕ್ಕೆ ಮೈದಾನದಲ್ಲಿ 50 ಅಡಿ ಆಚೆ ಇಟ್ಟ ರಿಂಗಿನೊಳಗೆ ಫ್ಲೈ, ಅಂದರೆ ಹುಳುವಿನ ಹಾಗೆ ಕಾಣುವ ಕೊಕ್ಕೆ, ಇಳಿಸುವವನು. ಇದೇನು ಮಹಾ ಅಂದುಕೊಂಡು, ದೂರದ ಅಂದಾಜಿಗೆ ಲೈನನ್ನು ನಾಲ್ಕೈದು ಸಲ ಗಾಳಿಯಲ್ಲೇ ಹಿಂದೆ ಮುಂದೆ ಬೀಸಿದೆ. ಅದರ ನೆರಳು ನೀರಿನ ಮೇಲೆ ಹಾದದ್ದೇ ತಡ, ಮೀನು ಮಾಯ. ಫ್ಲೈ ಹೋಗಿ ಕೊಂಬೆಗೆ ಸಿಕ್ಕಿಕೊಂಡಿತು.

ಸೀಸನ್ ಮುಗಿದ ಮೇಲೆ, ಕೈತಪ್ಪಿದ ಮೀನುಗಳ ಲೆಕ್ಕ ಬರೆಯುತ್ತಾ ಕೂತೆ. ಹಿಡಿದದ್ದನ್ನು ಎಲ್ಲರೂ ಬರೆದಿಡುತ್ತಾರೆ, ತಪ್ಪಿದ್ದನ್ನು ಬರೆಯೋಕೆ ಸ್ವಲ್ಪ ಮುಖ ಗಟ್ಟಿ ಬೇಕು. ಕೊಂಬೆ. ಎದುರುಗಾಳಿ. ನಡುವೆ ರಭಸದ ನೀರು. ನಿಂತರೆ ಮೀನಿಗೆ ಕಾಣುವ ಜಾಗ. ಇವೇ ಮತ್ತೆ ಮತ್ತೆ ಬಂದವು. 40 ಅಡಿಗಿಂತ ಆಚೆಯ ಮೀನು ಪಟ್ಟಿಯಲ್ಲಿ ಒಂದೂ ಇರಲಿಲ್ಲ. ನಾನು ವರ್ಷವಿಡೀ ಅಭ್ಯಾಸ ಮಾಡಿದ್ದು ಮಾತ್ರ ದೂರಕ್ಕೆ ಎಸೆಯೋದನ್ನೇ.

ನಮ್ಮ ಗುಂಪಿನವರು ಪ್ರತಿ ಸೀಸನ್ನಿಗೆ ಮುಂಚೆ ಒಂದು ದಿನ ಸೇರಿ ಕಾಸ್ಟಿಂಗ್, ಅಂದರೆ ಎಸೆತದ ಅಭ್ಯಾಸ ಮಾಡುತ್ತೇವೆ. ಈ ಸಲ ಮೈದಾನ ಸಜ್ಜು ಮಾಡುವ ಕೆಲಸ ನನಗಿರಲಿ ಅಂದೆ. ನೋಟ್‌ಬುಕ್ಕಿನಲ್ಲಿದ್ದ ಒಂದೊಂದು ಸೋಲಿಗೂ ಒಂದೊಂದು ಜಾಗ. ಒಟ್ಟು ಆರು.

ಫ್ಲೈ ಫಿಶಿಂಗ್ ನೋಡಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮಾಮೂಲಿ ಗಾಳದಲ್ಲಿ ತುದಿಗಿರುವ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಕೊಕ್ಕೆಗೆ ಗರಿ, ರೋಮ ಸುತ್ತಿ ಹುಳುವಿನ ಹಾಗೆ ಮಾಡಿದ್ದೇ ಫ್ಲೈ, ಊದಿದರೆ ಹಾರುವಷ್ಟು ಹಗುರ. ಭಾರ ಇರುವುದು ಲೈನಿನಲ್ಲಿ. 5 ನಂಬರ್ ಲೈನಾದರೆ ಮೊದಲ 30 ಅಡಿಗೆ ಸುಮಾರು 9 ಗ್ರಾಂ. ಆ ಭಾರ ರಾಡನ್ನು ಬಗ್ಗಿಸಿದರೆ ಎಸೆತ ಸಲೀಸು. ಈಗ 20 ಅಡಿ ಆಚೆ ಎಸೆಯಬೇಕು ಅನ್ನಿ. ಅದರಲ್ಲಿ 9 ಅಡಿ ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ, ಕಳೆಯಿರಿ. ಉಳಿದ ಲೈನು ಎಷ್ಟು? ರಾಡಿಗೆ ತುದಿಯಲ್ಲಿ ಏನೋ ಇದೆ ಅಂತಲೇ ಗೊತ್ತಾಗುವುದಿಲ್ಲ. ಹತ್ತಿರದ ಮೀನಿಗೆ ಎಸೆಯೋದು ಸುಲಭ ಅನ್ನುವವರು ಸುಮ್ನೆ ಹೇಳುತ್ತಾರೆ ಅಷ್ಟೆ.

ಬೆಳಿಗ್ಗೆ ಆರಕ್ಕೇ ಅಕ್ಕನ ಮಗಳನ್ನು ಕರೆದುಕೊಂಡು ಮೈದಾನಕ್ಕೆ ಹೋದೆ. ಎರಡು ಕಂಬ ನೆಟ್ಟು, ನಡುವೆ ಹಗ್ಗ ಕಟ್ಟಿ, ಅದಕ್ಕೊಂದು ಹಳೇ ಬೆಡ್‌ಶೀಟ್ ಇಳಿಬಿಟ್ಟೆವು. ನೆಲಕ್ಕೂ ಅದರ ಅಂಚಿಗೂ ಮೂರು ಅಡಿ ಸಂದು. ಅದೇ ನನ್ನ ಕೊಂಬೆ. ರಿಂಗು ಅದರ ಹಿಂದೆ. ರಾಡನ್ನು ಅಡ್ಡಡ್ಡ ಮಲಗಿಸಿ ಬೀಸಿದರೆ ಮಾತ್ರ ಲೈನು ಕೆಳಗಿಂದ ನುಸುಳುತ್ತದೆ. ಎಲ್ಲರ ಫ್ಲೈಗೂ ಕೊಕ್ಕೆ ಇರಬಾರದು, ಉಲ್ಲನ್ನಿನ ಚೂರು ಕಟ್ಟಿಕೊಳ್ಳಬೇಕು, ಕನ್ನಡಕ ಹಾಕಲೇಬೇಕು. ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ ಅಂತ ಮೊದಲೇ ಹೇಳಿದ್ದೆ.

ಅಂಕದ ಲೆಕ್ಕವೂ ಬೇರೆ. ಮೊದಲ ಎಸೆತಕ್ಕೇ ಬಿದ್ದರೆ 5, ಎರಡನೆಯದಕ್ಕೆ 2, ಆಮೇಲೆ ಸೊನ್ನೆ. ಗಾಳಿಯಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೀಸಿದರೆ ಮೀನು ಓಡಿಹೋಯಿತು ಅಂತ ಲೆಕ್ಕ. ಗೊಣಗಾಟ ಶುರುವಾದದ್ದು ಇಲ್ಲಿಂದ.

ನಿಜವಾಗಿ ನನಗೆ ತಲೆನೋವು ತಂದದ್ದು ಹರಿಯುವ ನೀರು. ಹುಲ್ಲು ಹರಿಯುವುದಿಲ್ಲ ಅಲ್ವಾ? ಹೊಳೆಯಲ್ಲಿ ನಿಮಗೂ ಮೀನಿಗೂ ನಡುವೆ ರಭಸದ ಸೆಳವಿದ್ದರೆ, ಅದು ಲೈನಿನ ಹೊಟ್ಟೆ ಹಿಡಿದು ಎಳೆಯುತ್ತದೆ. ಫ್ಲೈ ಪುಟ್ಟ ಮೋಟರ್ ಬೋಟಿನ ಹಾಗೆ ಗೆರೆ ಎಳೆದುಕೊಂಡು ಓಡುತ್ತದೆ. ಯಾವ ಹುಳುವೂ ಹಾಗೆ ಓಡಲ್ಲ ಅಂತ ಮೀನಿಗೆ ಗೊತ್ತು. ಡ್ರ್ಯಾಗ್ ಅನ್ನುವುದು ಇದಕ್ಕೇ. ಅದಕ್ಕೆ ರೀಚ್ ಕಾಸ್ಟ್ ಮಾಡುತ್ತೇವೆ. ಮುಂದೆ ಎಸೆದು ರಾಡ್ ನಿಲ್ಲಿಸಿದ ಮೇಲೆ, ಲೈನು ಇನ್ನೂ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಿರುವಾಗಲೇ, ರಾಡನ್ನು ನೀರು ಬರುವ ಕಡೆಗೆ ವಾಲಿಸುವುದು. ಲೈನು ಓರೆಯಾಗಿ ಬೀಳುತ್ತದೆ. ಸೆಳವು ಅದನ್ನು ಎಳೆಯುವ ಹೊತ್ತಿಗೆ ಫ್ಲೈಗೆ ಎರಡು ಮೂರು ಸೆಕೆಂಡ್ ಪುರುಸೊತ್ತು ಸಿಗುತ್ತದೆ.

ನಾನು ಎರಡು ಹಗ್ಗ ಎಳೆದು ಸೆಳವು ಮಾಡಿ, ಆಚೆ ದಡದಲ್ಲಿ ರಿಂಗಿಟ್ಟಿದ್ದೆ. ಗುಂಪಿನ ಹಿರಿಯರೊಬ್ಬರು ಬಂದರು. 30 ವರ್ಷದ ಕೈ. ನೆಟ್ಟಗೆ ಎಸೆದರು, ಉಲ್ಲನ್ನು ರಿಂಗಿನ ನಡುಮಧ್ಯೆ.

"ಐದು ಹಾಕ್ಕೊಳಪ್ಪಾ" ಅಂದರು.

"ಲೈನು ನೆಟ್ಟಗೆ ಬಿತ್ತಲ್ಲ ಸಾರ್. ನೀರಾಗಿದ್ದರೆ ಡ್ರ್ಯಾಗ್ ಆಗುತ್ತಿತ್ತು."

"ನೀರೆಲ್ಲಿದೆ ಇಲ್ಲಿ? ನೀನು ಹೇಳಿದ್ದು ರಿಂಗಿಗೆ ಬೀಳಿಸಿ ಅಂತ. ಬೀಳಿಸಿದೆ."

ಮಾತು ನ್ಯಾಯವಾಗಿತ್ತು. ಐದು ಅಂಕ ಕೊಟ್ಟೆ. ಆಮೇಲೆ ಒಂದು ಗೂಟ ತಂದು, ಸೆಳವಿನ ನಡುವೆ, ನೀರು ಬರುವ ಕಡೆಗೆ ಆರು ಅಡಿ ಸರಿಸಿ ಹೊಡೆದೆ. ಲೈನು ಗೂಟದ ಆಚೆಯಿಂದ ಸುತ್ತಿ ಬರಬೇಕು, ಉಲ್ಲನ್ನೂ ರಿಂಗಿನಲ್ಲಿರಬೇಕು. ಈಗ ಶುರುವಾಯಿತು ಮಜಾ. ಹೆಚ್ಚುಕಮ್ಮಿ ಎಲ್ಲರದೂ ಒಂದೇ ತಪ್ಪು. ರಾಡ್ ವಾಲಿಸುತ್ತಾರೆ, ಕೈಯಲ್ಲಿರುವ ಲೈನನ್ನು ಬಿಗಿಯಾಗಿ ಹಿಡಿದೇ ಇರುತ್ತಾರೆ. ಓರೆ ದಾರಿ ಉದ್ದದ ದಾರಿ, ಅಷ್ಟು ಲೈನು ಬೆರಳ ಸಂದಿಯಿಂದ ಜಾರಿ ಹೋಗಲೇಬೇಕು. ಇಲ್ಲದಿದ್ದರೆ ಫ್ಲೈ ಹಿಂದಕ್ಕೆ ಎಳೆದುಕೊಂಡು ನಾಲ್ಕೈದು ಅಡಿ ಈಚೆಗೇ ಬೀಳುತ್ತದೆ. ಹಿರಿಯರದೂ ಹಾಗೇ ಬಿತ್ತು. ಅವರು ಏನೂ ಮಾತಾಡದೆ ಮತ್ತೆ ಸಾಲಿನ ಹಿಂದೆ ಹೋಗಿ ನಿಂತರು.

ರೋಲ್ ಕಾಸ್ಟಿನ ಜಾಗವೂ ಮೊದಲು ಕೈಕೊಟ್ಟಿತು. ಹಿಂದೆ ಮರಗಳಿದ್ದಾಗ, ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸುವ ಎಸೆತ ಅದು, ಲೈನನ್ನು ನೀರು ಹಿಡಿದುಕೊಂಡರೇ ಆಗುವುದು. ಹುಲ್ಲಿನ ಮೇಲೆ ಲೈನು ಸರ್ರನೆ ಜಾರಿ ಬಂದುಬಿಡುತ್ತದೆ. ಪರೀಕ್ಷೆ ಬರೆಯುವ ಮಕ್ಕಳ ಕ್ಲಿಪ್‌ಬೋರ್ಡ್ ಇದೆಯಲ್ಲ, ಅದನ್ನು ಮುಂದೆ ನೆಲದಲ್ಲಿಟ್ಟು ಲೀಡರಿನ ತುದಿಯನ್ನು ಅದಕ್ಕೆ ಸಿಕ್ಕಿಸಿದೆ. ಸಾಕಾಯಿತು. ಗಾಳಿಗೆ ಮತ್ತು ಮಂಡಿಯೂರಿ ಎಸೆಯೋದಕ್ಕೆ ವಿಶೇಷ ಏನೂ ಮಾಡಬೇಕಾಗಲಿಲ್ಲ. ಗಾಳಿ ತಾನೇ ಬಂತು, ಮಂಡಿ ಎಲ್ಲರಿಗೂ ಇತ್ತು.

ಆರನೆಯದು ಓಡುವ ಮೀನು. ಸಮುದ್ರದಂಚಿನ ತೆಳುನೀರಿನಲ್ಲಿ ಬೋನ್‌ಫಿಶ್ ಹಿಡಿಯುವಾಗ ದೋಣಿಯ ಗೈಡ್ "11 ಗಂಟೆ, 40 ಅಡಿ" ಅಂತ ಕೂಗುತ್ತಾನೆ. ದೋಣಿಯ ಮೂತಿಯೇ 12 ಗಂಟೆ, ಅಲ್ಲಿಂದ ಗಡಿಯಾರದ ಲೆಕ್ಕ. ಮೀನಿನ ತಲೆಗಿಂತ ಮುಂದೆ ಎಸೆಯಬೇಕು, ಅದೂ ಕೆಲವೇ ಸೆಕೆಂಡಿನಲ್ಲಿ. ಅಕ್ಕನ ಮಗಳು ಉದ್ದ ಹಗ್ಗದ ತುದಿಗೆ ರಿಂಗು ಕಟ್ಟಿಕೊಂಡು ದೂರದಿಂದ ಎಳೆಯುತ್ತಾ ನಡೆದಳು. ಕೆಲವರಿಗೆ ನಿಧಾನ, ಕೆಲವರಿಗೆ ಬೇಕಂತಲೇ ಜೋರು. ನನ್ನ ಸರದಿಯಲ್ಲಂತೂ ಓಡಿಯೇ ಬಿಟ್ಟಳು.

"ಹಾಗೆಲ್ಲ ಓಡೋ ಹಾಗಿಲ್ಲ ಕಣೇ" ಅಂದೆ.

"ಮೀನು ನಿಮ್ಮನ್ನ ಕೇಳ್ಕೊಂಡು ಓಡುತ್ತಾ ಮಾಮಾ?"

ಒಟ್ಟು 30 ಅಂಕಕ್ಕೆ ಆ ದಿನ ಜಾಸ್ತಿ ಬಂದದ್ದು 17. ಅದು ತೆಗೆದದ್ದು ಹೋದ ವರ್ಷವಷ್ಟೇ ಕಲಿತ ಹುಡುಗಿ. 40 ಅಡಿ ದಾಟಿ ಎಸೆಯಲು ಅವಳಿಗಿನ್ನೂ ಬರುವುದಿಲ್ಲ. ನನ್ನದು 11.

ಸಂಜೆ ಬೆಡ್‌ಶೀಟ್ ಬಿಚ್ಚುವಾಗ ಅದರಲ್ಲಿ ನಾಲ್ಕು ಉಲ್ಲನ್ ಚೂರು ಸಿಕ್ಕಿಕೊಂಡಿದ್ದವು. ಎರಡು ಹಳದಿ, ಒಂದು ಕೆಂಪು. ಕಿತ್ತಳೆ ಬಣ್ಣದ್ದು ನನ್ನದು.