ವಹೀಬಾ ಮರಳುಗಾಡು: ಮಾರ್ಗದರ್ಶಿಗೆ ಹಣ ಕೊಡುವ ಮುನ್ನ

ಒಮಾನ್‌ನ ವಹೀಬಾ ಮರಳುಗಾಡಿನಲ್ಲಿ ಡೇರೆ ಹಾಕಬೇಕೆಂದು ನಾವು ಗೆಳೆಯರೆಲ್ಲ ಸೇರಿ ಎರಡು ಗಾಡಿಗಳಲ್ಲಿ ಹೊರಟಾಗ, ಮರಳು ನಮ್ಮನ್ನು ಸತಾಯಿಸುವ ಮೊದಲೇ ಬಿದಿಯಾ ಊರಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬಾತ ಗಂಟುಬಿದ್ದ. ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದೇ ಇಲ್ಲವೆಂದು ಹೆದರಿಸಿ, 25 ರಿಯಾಲ್ ಮುಂಗಡವಾಗಿ ಎಣಿಸಿಕೊಂಡು, ಊರಿನ ಮೇಕೆಗಳು ಮೇಯಲು ಬರುವಷ್ಟು ಹತ್ತಿರದ ದಿಬ್ಬವೊಂದರ ಬುಡದಲ್ಲಿ ನಮ್ಮನ್ನು ಬಿಟ್ಟು ಹೋದ. ಪಕ್ಕದ ಪ್ರವಾಸಿ ಶಿಬಿರದ ಜನರೇಟರ್ ನಡುರಾತ್ರಿಯವರೆಗೂ ಗುಡುಗುಡಿಸುತ್ತಿತ್ತು. ಗದ್ದಲ ನನಗೆ ಮೊದಲಿನಿಂದಲೂ ಒಗ್ಗುವುದಿಲ್ಲವಾದ್ದರಿಂದ ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಅಲ್ಲಿ ಮಾರ್ಗದರ್ಶಿ ಕಡ್ಡಾಯವಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಆತನಿಲ್ಲದೆಯೂ ದಾರಿ ಕಷ್ಟವೇನಲ್ಲ. ಉತ್ತರ ಭಾಗದ ದೊಡ್ಡ ದಿಬ್ಬಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಚಾಚಿಕೊಂಡಿದ್ದು, ಕೆಲವು ಸುಮಾರು 100 ಮೀಟರ್ ಎತ್ತರಕ್ಕೇರುತ್ತವೆ. ಎರಡು ಸಾಲುಗಳ ನಡುವಿನ ತಗ್ಗಿನಲ್ಲಿ ಗಾಡಿಗಳು ಓಡಾಡಿ ಬಿದ್ದಿರುವ ಜಾಡನ್ನೇ ಹಿಡಿದು ದಕ್ಷಿಣಕ್ಕೆ ಸಾಗಿದರೆ ಶಿಬಿರಗಳು ಹಿಂದೆ ಉಳಿಯುತ್ತವೆ. ತೊಂದರೆ ಶುರುವಾಗುವುದು ಸಾಲನ್ನು ಅಡ್ಡ ದಾಟಲು ಹೊರಟಾಗ. ಹೊಸಬರು ಆ ಉಮೇದನ್ನು ಬಿಡುವುದೇ ಲೇಸು.

ಫೋರ್ ವೀಲ್ ಡ್ರೈವ್ ಇದ್ದ ಮಾತ್ರಕ್ಕೆ ಗಾಡಿ ಮರಳಿನ ಮೇಲೆ ಓಡುವುದಿಲ್ಲ. ಟಾರು ರಸ್ತೆ ಮುಗಿಯುವಲ್ಲಿಯೇ ಟೈರುಗಳ ಗಾಳಿಯನ್ನು 15ರಿಂದ 18 ಪಿಎಸ್‌ಐವರೆಗೆ ಇಳಿಸಬೇಕು. ಆಗ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಭಾರ ಹಂಚುತ್ತದೆ. ನಮ್ಮ ಎರಡನೆಯ ಗಾಡಿ ಹೂತುಕೊಂಡಾಗ ಚಕ್ರವನ್ನು ಇನ್ನಷ್ಟು ತಿರುಗಿಸದೆ ಎಂಜಿನ್ ನಿಲ್ಲಿಸಿ, ನಾಲ್ಕೂ ಟೈರುಗಳ ಹಿಂದಿನ ಮರಳನ್ನು ಸಲಿಕೆಯಿಂದ ತೆಗೆದು, ಬಂದ ಜಾಡಿನಲ್ಲೇ ಹಿಮ್ಮುಖವಾಗಿ ನಿಧಾನಕ್ಕೆ ಹೊರತಂದೆವು. ಎಳೆಯಲೇಬೇಕಾಗಿ ಬಂದರೆ ಹಗ್ಗವನ್ನು ಗಾಡಿಯ ಚಾಸಿಗೆ ಬಿಗಿದಿರುವ ಕೊಕ್ಕೆಗೇ ಕಟ್ಟಿ. ಟ್ರೇಲರ್ ಜೋಡಿಸುವ ಉಂಡೆಯಾಕಾರದ ಕೊಂಡಿಗೆ ಕಟ್ಟಿದರೆ ಅದು ಮುರಿದು ಗುಂಡಿನಂತೆ ಹಾರಬಹುದು. ಇಳಿಜಾರಿನಲ್ಲಿ ಓರೆಯಾಗಿ ಇಳಿಯದೆ ನೇರವಾಗಿ ಇಳಿಯಿರಿ, ಇಲ್ಲದಿದ್ದರೆ ಗಾಡಿ ಪಲ್ಟಿಯಾಗುವ ಅಪಾಯವಿದೆ. ಬಿಸಿಲೇರಿದ ಮೇಲೆ ಮರಳು ಸಡಿಲವಾಗುವುದರಿಂದ ಓಡಾಟವನ್ನೆಲ್ಲ ಬೆಳಿಗ್ಗೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ನಮ್ಮನ್ನು ನಿಜವಾಗಿ ಬೆರಗುಗೊಳಿಸಿದ್ದು ಇಬ್ಬನಿ. ಅರಬ್ಬಿ ಸಮುದ್ರ ದೂರವಿಲ್ಲದ ಕಾರಣ ಗಾಳಿಯಲ್ಲಿ ತೇವವಿರುತ್ತದೆ. ಡೇರೆಯೊಳಗೆ ಸೆಕೆಯೆಂದು ಬಯಲಲ್ಲೇ ಚಾಪೆ ಹಾಸಿ ಮಲಗಿದ್ದ ಗೆಳೆಯರಿಬ್ಬರ ಕಂಬಳಿಯನ್ನು ಬೆಳಿಗ್ಗೆ ಹಿಂಡಿದರೆ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ಡೇರೆಯ ಮರೆಯಿಲ್ಲದೆ ಮಲಗಬೇಡಿ. ಎದ್ದ ಮೇಲೆ ಬೂಟುಗಳನ್ನು ಕೊಡವಿಯೇ ಹಾಕಿಕೊಳ್ಳಿ, ಚೇಳು ಸೇರಿಕೊಂಡಿರಬಹುದು. ಸೌದೆಯನ್ನು ಊರಿನಲ್ಲೇ ಕೊಂಡು ಒಯ್ಯಿರಿ. ಅಲ್ಲಿ ಘಾಫ್ ಎಂದು ಕರೆಯುವ, ಮರಳಿನ ನಡುವೆ ಒಂಟಿಯಾಗಿ ನಿಂತ ಮರ ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ. ಅದರ ಕೊಂಬೆ ಮುರಿದು ಬೆಂಕಿ ಹಾಕುವವರನ್ನು ಕಂಡು ನನಗಂತೂ ಸಂಕಟವಾಯಿತು.

ಇನ್ನು ಊಟದ ವಿಷಯ. ಶಿಬಿರದ ಬುಫೆಗೆ ಕೇಳಿದ ದರದಲ್ಲಿ ಬಿದಿಯಾದ ಮುಖ್ಯರಸ್ತೆಯ ಪುಟ್ಟ ಚಹಾದಂಗಡಿಯಲ್ಲಿ ನಮ್ಮ ಗುಂಪೆಲ್ಲ ಎರಡು ಹೊತ್ತು ಉಣ್ಣಬಹುದಿತ್ತು. ಅಲ್ಲಿನ ಹುಡುಗ ಕಾದ ಪರೋಟದ ಮೇಲೆ ಚೀಸ್ ಸವರಿ, ಚಿಪ್ಸ್ ಒಮಾನ್ ಎಂಬ ಅಲ್ಲಿನ ಆಲೂಗಡ್ಡೆ ಚಿಪ್ಸ್‌ನ ಪೊಟ್ಟಣವನ್ನು ಒಡೆಯುವ ಮೊದಲೇ ಅಂಗೈಯಲ್ಲಿ ಹಿಸುಕಿ ಪುಡಿಮಾಡಿ, ಅದನ್ನು ಉದುರಿಸಿ, ಖಾರದ ಸಾಸ್ ಎರಚಿ, ಕಾಗದದಲ್ಲಿ ಸುತ್ತಿ ಕೈಗಿಡುತ್ತಾನೆ. ಕುರುಕಲು ಮೆತ್ತಗಾಗುವುದರೊಳಗೆ ತಿನ್ನಬೇಕು. ಜೊತೆಗೆ ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಕರಕ್ ಚಹಾ. ಅರ್ಧ ರಿಯಾಲ್‌ನೊಳಗೆ ಹೊಟ್ಟೆ ತುಂಬಿತು. ದಾರಿಗೆಂದು ಕಟ್ಟಿಸಿಕೊಂಡವೂ ಗಾಡಿ ಏರುವ ಮೊದಲೇ ಖಾಲಿಯಾದವು.

ಹೋಗುವುದಿದ್ದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳಿ, ತಲೆಗೆ ದಿನಕ್ಕೆ 5 ಲೀಟರ್‌ನಂತೆ ನೀರು ತುಂಬಿಕೊಳ್ಳಿ. ಟಾರು ರಸ್ತೆಗೆ ಮರಳಿದೊಡನೆ ಟೈರಿಗೆ ಗಾಳಿ ತುಂಬಿಸಬೇಕಾಗುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಂದರೆ ಅಂಗಡಿಗಳು ಮುಚ್ಚಿರುತ್ತವೆ. ಆದ್ದರಿಂದ ಬ್ಯಾಟರಿಗೆ ಜೋಡಿಸುವ ಪಂಪೊಂದು ಗಾಡಿಯಲ್ಲಿರಲಿ.