ನಮ್ಮೂರ ಮಣ್ಣು ರೋಡಿನ 84 ಮರ

ಟಾರ್ ರೋಡಿಗೋಸ್ಕರ ಕಡಿಯೋಕೆ ಅಂತ ಮರಗಳಿಗೆ ನಂಬರ್ ಬರೆದಿದ್ದಾರೆ. ಎದೆಮಟ್ಟದಲ್ಲಿ ತೊಗಟೆ ಒಂಚೂರು ಕೆತ್ತಿ ಅದರ ಮೇಲೆ ಕೆಂಪು ಪೇಂಟು. ಊರ ಬಾಗಿಲ ಹೊಂಗೆಮರದಿಂದ 1 ಅಂತ ಶುರುವಾಗಿ ಮೇನ್ ರೋಡ್ ಹತ್ರದ ಆಲದಮರಕ್ಕೆ 71. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೊರಟಿದ್ದೆ, ಕ್ಯಾನ್ ಹಿಡ್ಕೊಂಡೇ ಎಣಿಸ್ಕೊಂಡು ಹೋದೆ, ವಾಪಸ್ ಬರೋವಾಗ ಇನ್ನೊಂದ್ಸಲ ಎಣಿಸ್ದೆ, ಎರಡು ಸಲಾನೂ 84 ಬಂತು. ಆಮೇಲೆ ಗೊತ್ತಾಯ್ತು, ತೋಳಿನಷ್ಟು ದಪ್ಪ ಇರೋ 13 ಗಿಡಗಳನ್ನ ಅವ್ರು ಮರ ಅಂತಾನೇ ಲೆಕ್ಕಕ್ಕೆ ತಗೊಂಡಿಲ್ಲ. ಆ ಹದಿಮೂರರಲ್ಲಿ ನಾಲ್ಕು ಬೇವು ನಾನೇ ಲಾಕ್‌ಡೌನಲ್ಲಿ ನೆಟ್ಟಿದ್ದು, ಸೋ ನನಗೆ ಸ್ವಲ್ಪ ಅವಮಾನ ಆದಂಗೂ ಆಯ್ತು.

ಊರಿನ ಹೆಸರು ಬರೆಯಲ್ಲ, ಬರೆದ್ರೆ ನಾಳೆ ಚಿಕ್ಕಪ್ಪನ ಮಗನೇ ಜಗಳಕ್ಕೆ ಬರ್ತಾನೆ. ಮಾಗಡಿ ಸೀಮೆ ಅಂದ್ರೆ ಸಾಕು. ಮೊನ್ನೆ ಮೊನ್ನೆವರೆಗೂ ರಾಮನಗರ ಜಿಲ್ಲೆ ಆಗಿದ್ದೋರು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಆಗಿಬಿಟ್ವಿ, ಅದಾದ್ಮೇಲೆ ಎಲ್ರಿಗೂ ರೋಡಿನ ಹುಚ್ಚು ಇನ್ನೂ ಜಾಸ್ತಿ ಆಗಿದೆ, ಸೈಟಿನ ರೇಟು ಕೇಳೋರು ಕಾರಲ್ಲಿ ಬಂದು ಧೂಳು ಎಬ್ಬಿಸ್ಕೊಂಡು ಹೋಗ್ತಾರೆ.

ನಮ್ಮ ರೋಡು ಅಂದ್ರೆ ಏನು, ಊರಿಂದ ಮೇನ್ ರೋಡಿಗೆ ಎರಡು ಕಿಲೋಮೀಟರ್ ಗಾಡಿ ದಾರಿ. ಹುಣಸೆ ಜಾಸ್ತಿ, ಆಮೇಲೆ ಹೊಂಗೆ, ಬೇವು, ಮೂರು ಆಲ, ಹಳ್ಳದ ಪಕ್ಕ ಒಂದು ಅತ್ತಿ. ಯಾರು ನೆಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ಲ. 'ಅಶೋಕನು ಸಾಲುಮರಗಳನ್ನು ನೆಡಿಸಿದನು' ಅಂತ ಇಸ್ಕೂಲಲ್ಲಿ ಓದಿದ್ವಲ್ಲ, ಮೂರನೇ ಕ್ಲಾಸಲ್ಲಿ ನಾನು ಇವು ಅವನೇ ನೆಡಿಸಿದ್ದು ಅಂತ ತುಂಬಾ ದಿನ ನಂಬಿದ್ದೆ. ಯುಗಾದಿ ಹೊತ್ತಿಗೆ ಬರಬೇಕು ನೀವು, ಹೊಂಗೆ ಎಲ್ಲಾ ಎಲೆ ಉದುರಿಸ್ಕೊಂಡು ಹೊಸಾ ಎಲೆ ಬಿಟ್ಟಿರುತ್ತೆ, ಬಿಸಿಲಿಗೆ ಹಿಡಿದ್ರೆ ಗಾಜಿನ ಥರ, ಅಂಥಾ ಹಸಿರು ನಾನು ಬೇರೆ ಯಾವ ಮರದಲ್ಲೂ ನೋಡಿಲ್ಲ. ಅದೇ ಟೈಮಿಗೆ ಆಚೆ ಕಡೆ ಹುಣಸೆಹಣ್ಣು ಬಡಿಯೋ ಸದ್ದು. ಏಪ್ರಿಲ್ ಮಧ್ಯಾಹ್ನ ಮೇನ್ ರೋಡಲ್ಲಿ ಬಸ್ ಇಳಿದಾಗ ತಲೆ ಸುಡ್ತಿರುತ್ತೆ, ನಮ್ಮ ದಾರಿಗೆ ತಿರುಗಿದ ತಕ್ಷಣ ಯಾರೋ ಒದ್ದೆ ಟವಲ್ ಹಾಕ್ದಂಗೆ.

ಇದಕ್ಕೆ ಟಾರ್ ಹಾಕ್ತೀವಿ ಅಂತ ಬಂದಿದ್ದಾರೆ. ಬೇಡ ಅಂತ ಅರ್ಜಿ ಕೊಟ್ಟಿರೋರಲ್ಲಿ ನಾನೂ ಒಬ್ಬ, ಅದಕ್ಕೇ ಈ ಪೋಸ್ಟು.

ಮೊದಲು ನನ್ನ ವಿರುದ್ಧದ ಮಾತು ಬರೆದುಬಿಡ್ತೀನಿ, ಯಾಕಂದ್ರೆ ಅದು ಸುಳ್ಳಲ್ಲ. 2022ರ ಆಗಸ್ಟಲ್ಲಿ ಆ ಮಳೆ ಬಂತಲ್ಲ, ರಾಮನಗರದ ಹತ್ರ ಹೈವೇನೇ ಮುಳುಗಿತ್ತು, ಆವಾಗ ನಮ್ಮ ಅತ್ತಿಗೆಗೆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯ್ತು. ಆಂಬುಲೆನ್ಸು ಮೇನ್ ರೋಡ್ ತನಕ ಬಂತು, ಆಮೇಲೆ ಡ್ರೈವರ್ರು ಟಾರ್ಚ್ ಬಿಟ್ಟು ನೋಡಿ ಈ ಕೊಚ್ಚೇಲಿ ನಂದು ಇಳಿದ್ರೆ ಏಳಲ್ಲ ಸಾರ್ ಅಂದ. ಅಣ್ಣ ಟ್ರ್ಯಾಕ್ಟರ್ ಟ್ರೈಲರಲ್ಲಿ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹಾಸಿ ಅತ್ತಿಗೆನ ಮಲಗಿಸ್ಕೊಂಡು ಹೋದ್ರು, ನಾನು ಛತ್ರಿ ಹಿಡ್ಕೊಂಡು ಪಕ್ಕದಲ್ಲಿ. ಎರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಮಗು ಚೆನ್ನಾಗಿದೆ, ಈಗ ಅದೇ ರೋಡಲ್ಲಿ ಟೈರ್ ಉರುಳಿಸ್ತಾ ಓಡಾಡುತ್ತೆ. ಆದ್ರೆ ಗ್ರಾಮಸಭೇಲಿ ನಾನು ಎದ್ದು ಮರ ಅಂತ ಬಾಯಿ ಬಿಟ್ಟಾಗ ಅತ್ತಿಗೆ ಹೆಂಗಸರ ಸಾಲಲ್ಲಿ ಕೂತು ನನ್ನನ್ನೇ ನೋಡ್ತಿದ್ರು, ಆ ನೋಟಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ.

ಗ್ರಾಮಸಭೆ ಅಂದ್ರೆ ಅದೊಂದು ಜಾತ್ರೆ. ನಿನಗೇನಪ್ಪ, ಫ್ಯಾನ್ ಕೆಳಗೆ ಕೂತು ಕಂಪ್ಯೂಟರ್ ಕುಟ್ಟೋನು, ಮಳೇಲಿ ಹಾಲಿನ ಕ್ಯಾನ್ ಹೊತ್ತಿದ್ದೀಯಾ ಅಂದ್ರು ಒಬ್ರು. ಹೊತ್ತಿದ್ದೀನಿ, ದಿನಾ ಹೊರ್ತೀನಿ, ಅವ್ರೇ ನನ್ ಹಿಂದೆ ಕ್ಯೂನಲ್ಲಿ ನಿಂತಿರ್ತಾರೆ, ಇರ್ಲಿ. ಇನ್ನೊಬ್ರದ್ದು ಭಾರಿ ಪ್ರಾಮಾಣಿಕ ವಾದ: ಟಾರ್ ರೋಡ್ ಆದ್ರೆ ರಾಗಿ ಒಕ್ಕೋಕೆ ಅನುಕೂಲ, ರೋಡಿಗೆ ಹರಡಿದ್ರೆ ಬಸ್ಸು ಲಾರಿ ಹತ್ತಿ ಹತ್ತಿ ತಾನಾಗೇ ಒಕ್ಕಣೆ ಆಗುತ್ತೆ, ಕಣ ಮಾಡೋ ಕೆಲಸಾನೇ ಇಲ್ಲ. ಎಲ್ರೂ ನಕ್ರು, ಆದ್ರೆ ಜನವರೀಲಿ ನಮ್ ಕಡೆ ಮೇನ್ ರೋಡ್ ನೋಡಿರೋರಿಗೆ ಗೊತ್ತು, ಅರ್ಧ ರೋಡು ಹುರುಳಿ, ಅರ್ಧ ರೋಡು ರಾಗಿ, ಬೈಕಿನೋರು ಜಾರಿ ಬಿದ್ದು ಹಲ್ಲು ಮುರ್ಕೊಳ್ಳೋದು ಆಮೇಲಿನ ಮಾತು.

ಬೇಡ ಅಂದೋರು ಯಾರು ಅಂತ ಕೇಳಿದ್ರೆ ನಿಮಗೂ ಆಶ್ಚರ್ಯ ಆಗುತ್ತೆ. ಪರಿಸರ ಗಿರಿಸರ ಅನ್ನೋ ಪದ ಜೀವಮಾನದಲ್ಲಿ ಬಳಸದೇ ಇರೋರು. ಕುರಿ ಕಾಯೋ ತಾತ ಮೊದಲು ಎದ್ದಿದ್ದು, ಟಾರ್ ಕಾದ್ರೆ ಕುರಿ ಕಾಲು ಸುಡ್ತವೆ, ನೆರಳೂ ಹೋದ್ರೆ ಮಧ್ಯಾಹ್ನ ಮಂದೆ ಎಲ್ಲಿ ಮಲಗಿಸ್ಲಿ ನಿನ್ ಮನೇಲಾ ಅಂತ ಅಧ್ಯಕ್ಷರನ್ನೇ ಕೇಳಿದ್ರು. ಹುಣಸೆಹಣ್ಣು ಬಿಡಿಸೋ ಕೆಲಸಕ್ಕೆ ಹೋಗೋ ಹೆಂಗಸರು. ಎತ್ತಿನ ಗಾಡಿ ಇನ್ನೂ ಇಟ್ಕೊಂಡಿರೋ ಎರಡು ಮನೆಯೋರು. ಮತ್ತೆ ರೋಡಿನ ಪಕ್ಕ ಹೊಲ ಇರೋರು, ಅವರಲ್ಲಿ ಕೆಲವ್ರಿಗೆ ಮರಕ್ಕಿಂತ ಒತ್ತುವರಿ ಬಯಲಾಗುತ್ತೆ ಅನ್ನೋ ಭಯ, ಅದನ್ನೂ ಮುಚ್ಚಿಡಲ್ಲ.

ಆಮೇಲೆ ನಾನು ಒಂದು ಕೆಲಸ ಮಾಡ್ದೆ, ಟೇಪ್ ತಗೊಂಡು ಹೋಗಿ ಅಳೆದೆ. ನಮ್ಮ ಇಡೀ ಜಗಳ ಅದರಲ್ಲೇ ಇದೆ ಅಂತ ನನಗೆ ಆವಾಗ ಹೊಳೆದಿದ್ದು. ಹಳ್ಳಿ ರೋಡಿಗೆ ಸಾಮಾನ್ಯವಾಗಿ ಟಾರು ಬೀಳೋದು 3.75 ಮೀಟರ್ ಅಗಲಕ್ಕೆ. ಅದರ ಎರಡೂ ಬದಿ ಮಣ್ಣಿನ ಅಂಚು ಸೇರಿ ರೋಡಿನ ಒಟ್ಟು ಅಗಲ 7.5 ಮೀಟರ್. ನಮ್ಮ ಮರಗಳ ನಡುವೆ ಬುಡದಿಂದ ಬುಡಕ್ಕೆ ಎಲ್ಲೂ 7 ಮೀಟರ್ ಇಲ್ಲ, ಬಹಳ ಕಡೆ 6.2, 6.5. ಅಂದ್ರೆ ಟಾರಿಗೂ ಮರಕ್ಕೂ ಜಗಳಾನೇ ಇಲ್ಲ ಮಾರಾಯ್ರೆ, ಪಕ್ಕದ ಆ ಖಾಲಿ ಅಂಚಿಗೋಸ್ಕರ 71 ಮರ! ದಿನಕ್ಕೆ ನೂರು ಮೋಟಾರು ಗಾಡಿ ಕೂಡ ಓಡಾಡದ ಇಂಥಾ ಕೊನೇ ದಾರಿಗೆ 3 ಮೀಟರ್ ಟಾರು, ಒಟ್ಟು 6 ಮೀಟರ್ ಸಾಕು ಅಂತ ಗ್ರಾಮೀಣ ರಸ್ತೆ ನಿಯಮದಲ್ಲೇ ಅವಕಾಶ ಇದೆ. ನಾನೂ ಪಕ್ಕದ ಮನೆ ಹುಡುಗನೂ ಒಂದು ಇಡೀ ದಿನ ಅತ್ತಿಮರದ ಕೆಳಗೆ ಕೂತು ಎಣಿಸಿದ್ವಿ, ಬೆಳಿಗ್ಗೆ ಆರರಿಂದ ರಾತ್ರಿ ಎಂಟು, ಬೈಕು ಟ್ರ್ಯಾಕ್ಟರು ಹಾಲಿನ ಗಾಡಿ ಎಲ್ಲಾ ಸೇರಿ 63. ಗ್ಯಾಸ್ ಸಿಲಿಂಡರ್ ಗಾಡಿ ಬಂದ ದಿನ ಅದು, ಇಲ್ದಿದ್ರೆ 62.

ಅಳತೆ ಕಾಗದ ಹಿಡ್ಕೊಂಡು ಇಂಜಿನಿಯರ್ ಹತ್ರ ಹೋದ್ವಿ. ಆಯಪ್ಪ ಒಳ್ಳೆಯವ್ರೇ, ಟೀ ತರಿಸಿದ್ರು. ಎಸ್ಟಿಮೇಟ್ ಆಗಿಹೋಗಿದೆ, ಈಗ ಅಗಲ ಬದಲಾಯಿಸಿದ್ರೆ ಫೈಲ್ ಮತ್ತೆ ಮೊದಲಿಂದ ಹೋಗ್ಬೇಕು, ದುಡ್ಡು ಬೇರೆ ಊರಿಗೆ ಹೋಗುತ್ತೆ, ಆಮೇಲೆ ನಿಮ್ಮೂರೋರೇ ನಿಮ್ಮನ್ನ ಹೊಡೀತಾರೆ ಅಂದ್ರು. ಒಂದು ಮರಕ್ಕೆ ಹತ್ತು ಗಿಡ ನೆಡ್ತೀವಲ್ಲ ಸಾರ್ ಅಂತ ಸಮಾಧಾನ ಬೇರೆ.

ಹತ್ತು ಗಿಡ. ಈ ಮಾತು ಕೇಳಿದಾಗೆಲ್ಲ ನನಗೆ ಹುಲಿಕಲ್ ನೆನಪಾಗುತ್ತೆ, ನಮ್ಮೂರಿಂದ ದೂರ ಏನಿಲ್ಲ, ಬೈಕಲ್ಲಿ ಅರ್ಧ ಗಂಟೆ. ಹುಲಿಕಲ್ಲಿಂದ ಕುದೂರಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ, ಸಾಲುಮರದ ತಿಮ್ಮಕ್ಕನೂ ಅವ್ರ ಯಜಮಾನ್ರು ಚಿಕ್ಕಯ್ಯನೋರೂ ಬೆಳೆಸಿದ ಆಲದಮರಗಳು, 385 ಅಂತ ಲೆಕ್ಕ. ಎಲ್ಲಾ ಒಂದೇ ಸಲ ನೆಟ್ಟಿದ್ದಲ್ಲ ಅವ್ರು, ಮೊದಲ ವರ್ಷ ಹತ್ತೇ ಹತ್ತು, ಮುಂದಿನ ವರ್ಷ ಹದಿನೈದು, ಅದರ ಮುಂದೆ ಇಪ್ಪತ್ತು. ಕೂಲಿ ಮಾಡೋ ಜನ. ಬಿಂದಿಗೇಲಿ ನೀರು ಹೊತ್ಕೊಂಡು ಹೋಗಿ ಹಾಕಿ, ದನ ತಿನ್ನದಂಗೆ ಸುತ್ತ ಮುಳ್ಳು ಕಟ್ಟಿ. ಅಲ್ಲಿ ಒಂದು ಗಿಡಕ್ಕೆ ಇಬ್ರು ಮನುಷ್ಯರು ಎಷ್ಟು ವರ್ಷ ಹಿಂದೆ ಬಿದ್ದಿದ್ರು ನೋಡಿ, ಇಲ್ಲಿ ಮಳೆಗಾಲದಲ್ಲಿ ಗುಂಡಿ ತೋಡಿ, ಗಿಡ ಇಟ್ಟು, ಫೋಟೋ ಹೊಡೆದು, ಬೇಸಿಗೇಲಿ ಯಾರೂ ಆ ಕಡೆ ತಲೆ ಹಾಕಲ್ಲ. ಪೋಸ್ಟ್ ಆಫೀಸ್ ಪಕ್ಕ ಹಂಗೆ ನೆಟ್ಟಿದ್ರಲ್ಲಿ ಈಗ ಉಳ್ದಿರೋದು ಟ್ರೀ ಗಾರ್ಡ್ ಮಾತ್ರ, ಅದರೊಳಗೆ ಯಾರೋ ಕೋಳಿ ಕೂಡಾಕ್ತಾರೆ.

ತಮಾಷೆ ಏನು ಗೊತ್ತಾ, ಆ ಮರಗಳಿಗೂ ಇದೇ ಗತಿ ಬಂದಿತ್ತು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು, ಅದೇ ವರ್ಷ ಬಾಗೇಪಲ್ಲಿ ಹಲಗೂರು ರಸ್ತೆ ಅಗಲ ಮಾಡೋಕೆ ಅವ್ರ ಆಲದಮರ ಕಡೀಬೇಕು ಅಂತ ಮಾತು ಎದ್ದಿತು. ನೂರು ದಾಟಿದ್ದ ಅಜ್ಜಿನೇ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವ್ರಿಗೆ ಹೇಳ್ಬೇಕಾಯ್ತು, ಆಮೇಲೆ ಬೇರೆ ದಾರಿ ನೋಡ್ತೀವಿ ಅಂದ್ರು. 2025ರ ನವೆಂಬರ್ 14ಕ್ಕೆ ಅಜ್ಜಿ ಹೋಗ್ಬಿಟ್ರು, 114 ವರ್ಷ ಅಂತ ಪೇಪರಲ್ಲಿ ಬಂತು. ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಅವತ್ತು ಎಲ್ರೂ ಕೈ ಮುಗಿಯೋ ಇಮೋಜಿ ಹಾಕಿದ್ರು, ಅಧ್ಯಕ್ಷರೂ ಹಾಕಿದ್ರು. ನಮ್ಮ ಮರಗಳಿಗೆ ಅಂಥಾ ಅಮ್ಮ ಇಲ್ಲ, ಹೆಸರಿಲ್ಲದೋರು ನೆಟ್ಟ ಮರಕ್ಕೆ ವಿಧಾನಸೌಧಕ್ಕೆ ಹೋಗೋರು ಯಾರು.

ಇನ್ನೊಂದು ಕಡೆಯ ಕಥೆನೂ ಹೇಳ್ಲೇಬೇಕು. ಹೈದರಾಬಾದಿಂದ ನಮ್ಮ ವಿಜಯಪುರದ ಕಡೆ ಬರೋ ಹೈವೇಲಿ ಚೇವೆಳ್ಳ ಅಂತ ಊರಿದೆ, ಅಲ್ಲಿ ನೂರಾರು ಆಲದಮರ ಉಳಿಸೋಕೆ ಜನ ವರ್ಷಗಟ್ಟಲೆ ಹೋರಾಡಿದ್ರು, ಹಸಿರು ನ್ಯಾಯಮಂಡಳಿ ತನಕ ಹೋಯ್ತು ಕೇಸು. ಆಮೇಲೆ 2025ರ ನವೆಂಬರಲ್ಲಿ ಅದೇ ರೋಡಲ್ಲಿ ಜಲ್ಲಿ ತುಂಬಿದ ಟಿಪ್ಪರ್ರು ಬಸ್ಸಿಗೆ ಗುದ್ದಿ ಅಷ್ಟೊಂದು ಜನ ಸತ್ರು, ಅಗಲ ಮಾಡೋದು ತಡ ಆಗಿದ್ದಕ್ಕೇ ಹಿಂಗಾಯ್ತು ಅಂತ ಅಲ್ಲಿನ ಜನಾನೇ ರೋಡಿಗೆ ಇಳಿದ್ರು. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಆದ್ರೆ ಅದು ಲಾರಿ ಬಸ್ಸು ಓಡೋ ಹೈವೇ, ನಮ್ದು 63 ಗಾಡಿಯ ದಾರಿ, ಎರಡಕ್ಕೂ ಒಂದೇ ಟೇಪ್ ಹಿಡಿಯೋಕಾಗಲ್ಲ ಅನ್ನೋದಷ್ಟೇ ನನ್ನ ವಾದ.

ಅತ್ತಿಗೆಗೆ ಕೊಡಬೇಕಾದ ಉತ್ತರ ಕೊನೆಗೆ ಸಿಕ್ಕಿದ್ದು ಹಳ್ಳದ ಹತ್ರ. ಆವತ್ತು ಟ್ರ್ಯಾಕ್ಟರ್ ಕೂಡ ಹೂತ್ಕೊಂಡಿದ್ದು ಎಲ್ಲಿ ಅಂತ ಅಣ್ಣನ್ನ ಕೇಳಿದೆ, ಎರಡೇ ಜಾಗ, ಅತ್ತಿಮರದ ಹಳ್ಳ ಮತ್ತೆ ಗುಡಿ ತಿರುವು. ಮಿಕ್ಕಿದ್ದೆಲ್ಲ ಗಟ್ಟಿ ನೆಲ. ಮಣ್ಣು ರೋಡನ್ನ ಕೆಡಿಸೋದು ನಿಂತ ನೀರು, ರೋಡಿನ ನಡು ಸ್ವಲ್ಪ ಉಬ್ಬಿದ್ದು ಎರಡೂ ಬದಿ ಚರಂಡಿ ಇದ್ರೆ ನೀರು ಓಡುತ್ತೆ, ನಮ್ದು ವರ್ಷಗಟ್ಟಲೆ ಟ್ರ್ಯಾಕ್ಟರ್ ಓಡಿ ಓಡಿ ನಡು ತಗ್ಗಾಗಿ ರೋಡೇ ಚರಂಡಿ ಆಗಿದೆ. ಹಂಗೇ ಇದರ ಮೇಲೆ ಟಾರ್ ಹಾಕಿದ್ರೂ ಎರಡು ಮಳೆಗೆ ಎದ್ದು ಹೋಗುತ್ತೆ. ನಮ್ಮ ಹೊಸ ಅರ್ಜೀಲಿ ಬರೆದಿದ್ದು ಇಷ್ಟು: ಹಳ್ಳಕ್ಕೆ ಮೋರಿ (ನೀರು ಕೆಳಗೆ ಹರಿದು ಗಾಡಿ ಮೇಲೆ ಹೋಗೋ ಸಣ್ಣ ಸೇತುವೆ) ಹಾಕಿ, ಗುಡಿ ತಿರುವಿಗೆ ಕಾಂಕ್ರೀಟ್ ಹಾಕಿ, ಮಿಕ್ಕ ದಾರಿಗೆ ಜಲ್ಲಿ ಹಾಕಿ ರೋಲರ್ ಹೊಡೆದು 3 ಮೀಟರ್ ಟಾರ್ ಬೇಕಿದ್ರೆ ಹಾಕಿ, ಚರಂಡಿನ ಜೆಸಿಬಿಲಿ ಮರದ ಬುಡಕ್ಕೆ ತೋಡ್ಬೇಡಿ, ಬೇರು ಕಡಿದ ಹುಣಸೆ ಅವತ್ತೇ ಸಾಯಲ್ಲ, ಎರಡು ವರ್ಷ ಬಿಟ್ಟು ಗಾಳಿಗೆ ಯಾರದ್ದೋ ಮೇಲೆ ಬೀಳುತ್ತೆ. ನೋಡಿ, ಟಾರೇ ಬೇಡ ಅಂತ ಶುರು ಮಾಡಿದೋನು ಟಾರ್ ಹಾಕಿ ಅಂತ ಬರೆದುಕೊಟ್ಟೆ. ಕುರಿ ತಾತ ಇನ್ನೂ ನನ್ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಅತ್ತಿಗೆ ಸೈನ್ ಹಾಕಿದ್ರು, ಮೋರಿ ಅನ್ನೋ ಪದನ ಎರಡೆರಡು ಸಲ ಓದಿ.

ಇನ್ನೊಂದು ಆಸೆ ಇದೆ. ಮರ ಸಂರಕ್ಷಣೆಗೆ ಅಂತ ನಮ್ ರಾಜ್ಯದಲ್ಲಿ 1976ರಿಂದ ಕಾಯ್ದೆ ಇದೆ, ಅದರ ಪ್ರಕಾರ 50ಕ್ಕಿಂತ ಜಾಸ್ತಿ ಮರ ಕಡಿಯೋದಿದ್ರೆ ಸುಮ್ನೆ ಪೇಂಟ್ ಹಚ್ಚಿ ಗರಗಸ ತರೋಂಗಿಲ್ಲ, ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳ್ಬೇಕು. ಅವ್ರ ಲೆಕ್ಕದಲ್ಲೇ 71. ಪ್ರಕಟಣೆ ಬರ್ಲಿ ಅಂತ ದಿನಾ ಪಂಚಾಯ್ತಿ ಬೋರ್ಡ್ ನೋಡ್ಕೊಂಡು ಬರ್ತೀನಿ, ಸದ್ಯಕ್ಕೆ ಅಲ್ಲಿರೋದು ಕಂದಾಯ ಕಟ್ಟಿ ಅನ್ನೋ ಚೀಟಿ.

ಕಳೆದ ವಾರ ಪಂಚಾಯ್ತೀಲಿ ಹುಣಸೆ ಫಸಲಿನ ಹರಾಜು ಇತ್ತು. ಪ್ರತಿ ವರ್ಷ ಕೂಗೋ ಸಾಬ್ರೇ ಬಂದಿದ್ರು, ಈ ಸಲ ಕಾಯಿ ಚೆನ್ನಾಗಿ ಕಚ್ಚಿದೆ, ರೇಟೂ ಸರಿಯಾಗೇ ಕೂಗಿದ್ರು. ರಸೀದಿ ಬರೆಸ್ಕೊಳ್ಳೋವಾಗ ಪಿಡಿಓ ಮೇಡಂನ ಕೇಳಿದ್ರು, ಮುಂದಿನ ವರ್ಷದ್ದೂ ನಂಗೇ ಬರ್ಕೊಂಡ್ಬಿಡಿ ಮೇಡಂ, ಬಡಿಯೋ ಹುಡುಗ್ರಿಗೆ ಈಗಲೇ ಅಡ್ವಾನ್ಸ್ ಕೊಟ್ಬಿಡ್ತೀನಿ, ಮರ ಇರ್ತವೆ ತಾನೇ? ಮೇಡಂ ಅಧ್ಯಕ್ಷರ ಮುಖ ನೋಡಿದ್ರು. ಅಧ್ಯಕ್ಷರು ಕಿಟಕಿ ಕಡೆ ನೋಡಿದ್ರು. ಒಂದೇ ವರ್ಷಕ್ಕೆ ಬರೆದು ಕೊಟ್ರು.