ಮುಕ್ಕಾಲು ತುಂಬಿದರೂ ಹೆಚ್ಚಾಯಿತು

ನಮ್ಮ ಕಡೆ ಹೊಳೆ ಉಕ್ಕುವುದು ಮಳೆ ಹಿಡಿದಾಗ. ಅಮೆರಿಕದ ಫಾರ್ಗೊದಲ್ಲಿ ಜನ ಹೆದರುವುದು ಬಿಸಿಲಿಗೆ. ಮಾರ್ಚ್ ಕೊನೆಗೆ ಹಿಮ ಕರಗುತ್ತದೆ, ಆದರೆ ನೆಲ ಹೆಪ್ಪುಗಟ್ಟಿಯೇ ಇರುವುದರಿಂದ ನೀರು ಇಂಗದೆ ರೆಡ್ ರಿವರ್ ಸೇರುತ್ತದೆ. ನದಿ ಹರಿಯುವುದು ಉತ್ತರಕ್ಕೆ, ಕೆನಡಾದತ್ತ. ತೆಂಕಣ ನೀರು ಬರುವ ಹೊತ್ತಿಗೆ ಬಡಗಣ ಮಂಜುಗಡ್ಡೆ ಇನ್ನೂ ಒಡೆದಿರುವುದಿಲ್ಲ. ಬಯಲೋ, ಮೈಲಿಗೆ ಸರಾಸರಿ ಒಂದಡಿ ಇಳಿಜಾರೂ ಇಲ್ಲದ್ದು.

ಅಲ್ಲಿ ನದಿಮಟ್ಟ 18 ಅಡಿ ಮುಟ್ಟಿದರೆ ಪ್ರವಾಹ. 2009ರ ಮಾರ್ಚ್ 28ರಂದು 40.84 ಅಡಿ ಮುಟ್ಟಿತು. ಆ ವಾರ ಮುನ್ಸೂಚನೆ ಏರುತ್ತಲೇ ಹೋಯಿತು. ನೀರು ತಡೆಯಲು ಜನ ಮರಳು ತುಂಬಿದ ಚೀಲಗಳ ಒಡ್ಡು ಕಟ್ಟುತ್ತಾರೆ. ಕಟ್ಟಿ ಮುಗಿಸಿದ ಒಡ್ಡಿನ ಮೇಲೆ ಇನ್ನೊಂದಡಿ ಏರಿಸಿದರಾಯಿತು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಬುಡದ ಅಗಲ ಎತ್ತರದ ಮೂರು ಪಟ್ಟು ಇರಬೇಕು: ಮೂರಡಿಗೆ ಒಂಬತ್ತು, ನಾಲ್ಕಡಿಗೆ ಹನ್ನೆರಡು. ಹಾಗಾಗಿ ಮೊದಲ ದಿನವೇ ಬುಡವನ್ನು ಅಗಲವಾಗಿ ಹಾಕಿಕೊಳ್ಳುವುದು ಜಾಣತನ.

ಕೆಲಸ ಕೆಡುವುದು ಬಹುಪಾಲು ಚೀಲದಲ್ಲೇ. ಉತ್ಸಾಹಿ ಕೈಗಳು ಬಾಯಿತನಕ ಮರಳು ತುಂಬುತ್ತವೆ. ಅರ್ಧ, ಹೆಚ್ಚೆಂದರೆ ಮೂರರಲ್ಲೆರಡು ಪಾಲು ಸಾಕು. ತೂಕ 16ರಿಂದ 18 ಕಿಲೋ. ಹಾಗಿದ್ದರೆ ಮಾತ್ರ ತುಳಿದಾಗ ಚಪ್ಪಟೆಯಾಗಿ ಪಕ್ಕದ ಚೀಲದ ಸಂದಿಗೆ ತುಂಬಿಕೊಳ್ಳುತ್ತದೆ. ಉಬ್ಬಿದ ಚೀಲಗಳ ನಡುವೆ ಬೆರಳು ತೂರುವಷ್ಟು ಜಾಗ ಉಳಿಯುತ್ತದೆ, ನೀರಿಗೆ ಅಷ್ಟೇ ಬೇಕು. ಚಳಿಗೆ ಹೆಪ್ಪುಗಟ್ಟಿದ ಚೀಲದ್ದೂ ಅದೇ ಗೋಳು. ಎಷ್ಟು ತುಳಿದರೂ ಮಣಿಯುವುದಿಲ್ಲ. ಫಾರ್ಗೋಡೋಮ್ ಎಂಬ ಒಳಾಂಗಣ ಕ್ರೀಡಾಂಗಣದೊಳಗೆ ಚೀಲ ತುಂಬಿಸಿದ್ದು ಸುಮ್ಮನೆ ಅಲ್ಲ.

ಕಟ್ಟುವ ಜಾಗದಲ್ಲಿ ಹಿಮ, ಮಂಜುಗಡ್ಡೆ ಕೆರೆದು ನೆಲ ಕಾಣುವಂತೆ ಮಾಡಬೇಕು. ಅಡಿಯಲ್ಲಿ ಸಿಕ್ಕಿಕೊಂಡದ್ದು ಕರಗಿದರೆ ಒಡ್ಡಿನ ಕೆಳಗೇ ಕಾಲುವೆ. ಚೀಲದ ತುಂಬದ ಬಾಯಿಯನ್ನು ಮಡಚಿ, ಅದರ ಮೇಲೆ ಮುಂದಿನ ಚೀಲ ಕೂರಿಸಿ, ಇಟ್ಟಿಗೆ ವರಸೆಯಂತೆ ಜೋಡು ತಪ್ಪಿಸಿ, ಪ್ರತಿ ವರಸೆಯನ್ನೂ ತುಳಿಯಬೇಕು. ನದಿ ಕಡೆಯ ಮುಖಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ. ಅದನ್ನು ಬಿಗಿಯಾಗಿ ಎಳೆಯಬೇಡಿ, ಸಡಿಲವಾಗಿರಲಿ. ನೀರಿನ ಒತ್ತಡವೇ ಅದನ್ನು ಸಂದುಗಳಿಗೆ ತಳ್ಳುತ್ತದೆ, ಬಿಗಿದದ್ದು ಹರಿಯುತ್ತದೆ. ಮುನ್ಸೂಚನೆಗಿಂತ ಎರಡಡಿ ಎತ್ತರ ಹೆಚ್ಚಿಗೆ ಇರಲಿ.

ಚೀಲ ಸಾಗಿಸುವ ಸಾಲಿನಲ್ಲಿ ಎದುರುಬದುರು ನಿಂತು ಕೈಯಿಂದ ಕೈಗೆ ಕೊಡುವುದು ಒಳ್ಳೆಯದು. ಎಸೆದರೆ ಚೀಲ ಒಡೆಯುತ್ತದೆ, ಸೊಂಟ ತಿರುಚಿದರೆ ಮರುದಿನ ಆಳಿಲ್ಲ.

ಒಡ್ಡು ಗಟ್ಟಿಯಾಗಿದ್ದರೂ ಜಿನುಗು ತಪ್ಪದು, ಒಳಬದಿಗೆ ಪಂಪ್ ಬೇಕೇ ಬೇಕು. ಕರೆಂಟ್ ಹೋದರೂ ಓಡುವಂತೆ ಬ್ಯಾಟರಿಯೋ ಜನರೇಟರೋ ಇರಲಿ; ಜನರೇಟರ್ ಮನೆಯ ಹೊರಗೆ. ನೆಲಮಾಳಿಗೆಯ ಚರಂಡಿ ಬಾಯಿಗಳನ್ನು ಮೊದಲೇ ಮುಚ್ಚಿಡಿ, ಇಲ್ಲವಾದರೆ ಕೊಳಚೆ ಒಳಗಿನಿಂದಲೇ ಮೇಲೇಳುತ್ತದೆ. ಪ್ರವಾಹ ವಿಮೆಗೆ ಸಾಮಾನ್ಯವಾಗಿ 30 ದಿನ ಕಾಯಬೇಕಾದ್ದರಿಂದ ಫೆಬ್ರುವರಿಯಲ್ಲೇ ಮಾಡಿಸಿಕೊಳ್ಳಬೇಕು.

ಅಷ್ಟಾಗಿಯೂ ನೆಲಮಾಳಿಗೆಗೆ ನೀರು ನುಗ್ಗಿತೆನ್ನಿ. ಹೊರಗೆ ನೀರು ನಿಂತಿರುವಾಗ ಒಳಗೆ ಖಾಲಿ ಮಾಡಿದರೆ ಒತ್ತಡಕ್ಕೆ ಗೋಡೆ ಕುಸಿಯುತ್ತದೆ. ಹೊರಗಿನದು ಇಳಿದ ಮೇಲೆಯೂ ದಿನಕ್ಕೆ ಮೂರರಲ್ಲೊಂದು ಪಾಲು ಮಾತ್ರ ಹೊರಹಾಕಬೇಕು.